ಲಡ್ಲೋ ಸುತ್ತಮುತ್ತ ಊಟಕ್ಕೆ ಎಲ್ಲಿ ಹೋಗೋದು? ಜೇಬೂ ಉಳಿಯಬೇಕು, ಅಮ್ಮನ ಹೊಟ್ಟೆಯೂ ತುಂಬಬೇಕು

ಹೇಮಾವತಿ_ದಡ

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಮೇ ಕೊನೆಗೆ ಅಪ್ಪ ಅಮ್ಮ ಹಾಸನದಿಂದ ಬರುತ್ತಿದ್ದಾರೆ. ಹೋದ ಸಲ ಲಂಡನ್ ಎಲ್ಲಾ ಸುತ್ತಿಸಿದ್ದಾಯ್ತು. "ಈ ಸಲ ಹಳ್ಳಿ ಕಡೆ ತೋರಿಸು, ಹೊಲ ಗದ್ದೆ ನೋಡಬೇಕು" ಅಂತ ಅಪ್ಪ ಹೇಳಿಬಿಟ್ಟಿದ್ದಾರೆ. ಅದಕ್ಕೆ ಶ್ರಾಪ್‌ಶೈರ್‌ನ ಲಡ್ಲೋ ಹತ್ತಿರ ಒಂದು ಕಾಟೇಜ್ ಹಿಡಿದಿದ್ದೇವೆ. ಶುಕ್ರವಾರ ಸಂಜೆ ಹೋಗಿ ಮಂಗಳವಾರ ಮಧ್ಯಾಹ್ನ ವಾಪಸ್. ಕಾರಿದೆ.

ತೊಂದರೆ ಊಟದ್ದು. ನಾವು ಐದು ಜನ. ಅಮ್ಮ ಮಾಂಸವೂ ಇಲ್ಲ, ಮೊಟ್ಟೆಯೂ ಇಲ್ಲ. ಅಪ್ಪ ಮಾಂಸ ಮುಟ್ಟಲ್ಲ, ಕೇಕಿನಲ್ಲಿ ಮೊಟ್ಟೆ ಇದೆ ಅಂತ ಯಾರೂ ಹೇಳದಿದ್ದರೆ ತಿಂತಾರೆ. ನಮ್ಮ ಯಜಮಾನರು ಮತ್ತು ಆರು ವರ್ಷದ ಮಗ ಎಲ್ಲವನ್ನೂ ತಿನ್ನುವವರು. ಒಂದು ಊಟಕ್ಕೆ ಎಲ್ಲರಿಗೂ ಸೇರಿ 60 ಪೌಂಡ್ ಒಳಗೆ ಮುಗಿದರೆ ಸಂತೋಷ. ಅಪ್ಪ ಮೆನು ನೋಡುವುದೇ ಬಲಗಡೆಯಿಂದ. ಮೊದಲು ಬೆಲೆ, ಆಮೇಲೆ ರೂಪಾಯಿಗೆ ಗುಣಿಸುವುದು, ಆಮೇಲೆ "ನನಗೆ ಹಸಿವಿಲ್ಲ" ಅನ್ನುವುದು.

ಹೋದ ವರ್ಷ ನಾವು ಮೂವರೇ ಇನ್ನೊಂದು ಸಣ್ಣ ಊರಿಗೆ ಹೋಗಿದ್ದಾಗ ಮಧ್ಯಾಹ್ನ ಮುಕ್ಕಾಲು ಮೂರಕ್ಕೆ ಪಬ್ ಬಾಗಿಲು ತಳ್ಳಿದೆವು. ಒಳಗೆ ಜನ ಕೂತಿದ್ದಾರೆ, ಕುಡಿಯುತ್ತಿದ್ದಾರೆ, ಆದರೆ ಅಡುಗೆಮನೆ ಬಂದ್. ಮೂರು ಪ್ಯಾಕೆಟ್ ಕ್ರಿಸ್ಪ್ಸ್ ತಿಂದು ಬಂದ್ವಿ. ಅಪ್ಪ ಅಮ್ಮನ ಜೊತೆ ಅದು ಆಗಬಾರದು. ಆ ಕಡೆ ಗೊತ್ತಿರುವವರು ದಯವಿಟ್ಟು ಹೇಳಿ.

ಶ್ರಾಪ್‌ಶೈರ್_ಸೊಸೆ

ನಮ್ಮೂರಿಗೆ ಬರ್ತಿದ್ದೀರಾ, ಸಂತೋಷ! ಮದುವೆಯಾಗಿ ಈ ಕಡೆ ಬಂದು ಹನ್ನೊಂದು ವರ್ಷ ಆಯ್ತು. ಮೊದಲು ಒಂದು ಮಾತು. ಇಲ್ಲಿ ಹೋಟೆಲ್ ಹುಡುಕುವುದಕ್ಕಿಂತ ಮುಂಚೆ ಗಡಿಯಾರ ನೋಡಬೇಕು.

ಹಳ್ಳಿ ಪಬ್ಬುಗಳಲ್ಲಿ ಮಧ್ಯಾಹ್ನದ ಊಟ 12ಕ್ಕೆ ಶುರು, 2 ಅಥವಾ ಎರಡೂವರೆಗೆ ಮುಗೀತು. ಮತ್ತೆ ಸಂಜೆ 6ಕ್ಕೆ ಒಲೆ ಹಚ್ಚಿದರೆ ಎಂಟೂವರೆ, ಒಂಬತ್ತಕ್ಕೆ ಆರಿಸುತ್ತಾರೆ. ನಡುವೆ ಹೋದವರಿಗೆ ಕ್ರಿಸ್ಪ್ಸೇ ಗತಿ. ಭಾನುವಾರ ಮಧ್ಯಾಹ್ನ ರೋಸ್ಟ್ ಊಟ (ಹುರಿದ ಮಾಂಸ, ತರಕಾರಿ) ಜೋರು, ಆದರೆ ಭಾನುವಾರ ರಾತ್ರಿ ಬಹಳ ಕಡೆ ಅಡುಗೆ ಇರಲ್ಲ. ಸೋಮವಾರ, ಮಂಗಳವಾರ ಎಷ್ಟೋ ಕಡೆ ಬಾಗಿಲೇ ತೆಗೆಯಲ್ಲ. ನಿಮ್ಮ ಸೋಮವಾರ ಬ್ಯಾಂಕ್ ಹಾಲಿಡೇ, ಅಂದರೆ ದೇಶಕ್ಕೆಲ್ಲಾ ರಜೆ ಅಂತ ಕಾಣುತ್ತೆ, ಮೇ ಕೊನೆ ಸೋಮವಾರ ಅಲ್ವಾ? ಅವತ್ತು ಕೆಲವು ತೆಗೆದಿರುತ್ತವೆ, ಕೆಲವು ಇಲ್ಲ. ಫೋನ್ ಮಾಡದೆ ಹೊರಡಬೇಡಿ.

ಆದ್ದರಿಂದ ದೊಡ್ಡ ಊಟ ಮಧ್ಯಾಹ್ನಕ್ಕೇ ಇಟ್ಟುಕೊಳ್ಳಿ. ದುಡ್ಡಿನ ಲೆಕ್ಕದಲ್ಲೂ ಅದೇ ಲಾಭ. ರಾತ್ರಿ 18 ಪೌಂಡ್ ಹೇಳುವ ಅಡುಗೆಮನೆಯೇ ಮಧ್ಯಾಹ್ನ ಸೂಪು, ಬ್ರೆಡ್ಡು, ಸ್ಯಾಂಡ್‌ವಿಚ್ಚು ಅಂತ 8, 9ಕ್ಕೆ ಕೊಡುತ್ತದೆ. ಸ್ವಲ್ಪ ದೊಡ್ಡ ಹೋಟೆಲ್‌ಗಳಲ್ಲಿ ವಾರದ ದಿನ ಸೆಟ್ ಲಂಚ್ ಇರುತ್ತದೆ, ಎರಡು ಬಗೆಗೆ ಒಂದೇ ಬೆಲೆ. ಬಾಗಿಲ ಹೊರಗಿನ ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ.

ಲಡ್ಲೋ ಸುಮ್ನೆ ಸಣ್ಣ ಊರು, ಹತ್ತು ಸಾವಿರ ಚಿಲ್ಲರೆ ಜನ. ಆದರೆ ತಿನ್ನೋ ವಿಷಯದಲ್ಲಿ ಹೆಸರುವಾಸಿ. 1995ರಿಂದ ಕೋಟೆಯೊಳಗೆ ಆಹಾರ ಮೇಳ ನಡೆಯುತ್ತಿದೆ, ಸೆಪ್ಟೆಂಬರ್‌ನಲ್ಲಿ. ಒಂದು ಕಾಲಕ್ಕೆ ಇಷ್ಟು ಸಣ್ಣ ಊರಲ್ಲಿ ಮಿಶೆಲಿನ್ ಸ್ಟಾರ್ (ಅಡುಗೆಗೆ ಸಿಗುವ ದೊಡ್ಡ ಗೌರವ) ಇರುವ ಹೋಟೆಲ್ ಒಂದಲ್ಲ, ಎರಡಲ್ಲ, ಮೂರಿದ್ದವು. ಅದರಲ್ಲಿ ಹೈಬಿಸ್ಕಸ್ ಅನ್ನುವುದು 2007ರಲ್ಲಿ ಲಂಡನ್ನಿಗೆ ಹೋಯ್ತು. ಆ ಹೆಸರಿನ ಬಿಸಿ ಇನ್ನೂ ಕೆಲವು ಮೆನುಗಳ ಬೆಲೆಯಲ್ಲಿದೆ. ಕೋಟೆ ಎದುರು ನಿಂತು ಊಟ ಹುಡುಕಬೇಡಿ, ಎರಡು ಬೀದಿ ಆಚೆ ನಡೀರಿ.

ಧಾರವಾಡ_ಪೇಡೆ

ಇಷ್ಟೆಲ್ಲಾ ಯಾಕ್ರೀ? ಕಾಟೇಜ್ ಅಂದಮೇಲೆ ಒಲಿ ಇರ್ತದ. ಬೆಳಿಗ್ಗೆ ಎದ್ದು ಚಪಾತಿ ಪಲ್ಯ, ಇಲ್ಲಾ ಚಿತ್ರಾನ್ನ ಮಾಡಿ ಡಬ್ಬಿಗೆ ಹಾಕಿ. ನದಿ ದಂಡಿಗೆ ಕುಂತು ಉಣ್ಣಿ. ಐದು ಜನಕ್ಕ ಐದು ಪೌಂಡ್ ಆಗಂಗಿಲ್ಲ. ನಮ್ಮ ಮನಿಯವರು ಸ್ಕಾಟ್ಲೆಂಡ್ ಪೂರ್ತಿ ಹಂಗೇ ತಿರುಗಿದ್ದೇವೆ.

ಹೇಮಾವತಿ_ದಡ

@ಧಾರವಾಡ_ಪೇಡೆ ಸರ್, ಬೆಳಿಗ್ಗೆ ಎದ್ದು ಅದನ್ನು ಮಾಡುವವರು ಯಾರು ಹೇಳಿ? ನಾನು ಏಳುವುದರೊಳಗೆ ಅಮ್ಮ ಒಲೆ ಮುಂದೆ ಇರುತ್ತಾರೆ. ನಲವತ್ತು ವರ್ಷದಿಂದ ಅದೇ. ನಾಲ್ಕು ದಿನವಾದರೂ ಅವರು ಕೂತು ಉಣ್ಣಲಿ ಅಂತಲೇ ಈ ಪಾಡು.

@ಶ್ರಾಪ್‌ಶೈರ್_ಸೊಸೆ ಅಕ್ಕಾ, ಬ್ಯಾಂಕ್ ಹಾಲಿಡೇ ತಲೆಗೇ ಹೊಳೆದಿರಲಿಲ್ಲ! ತುಂಬಾ ಥ್ಯಾಂಕ್ಸ್.

ಧಾರವಾಡ_ಪೇಡೆ

ಆ ಮಾತು ಖರೇ. ತಗೊಂಡೆ. ಡಬ್ಬಿ ಕ್ಯಾನ್ಸಲ್.

ಬಿಸಿ_ಫಿಲ್ಟರ್

ಸಸ್ಯಾಹಾರದ ಬಗ್ಗೆ ನಾನು ಹೇಳ್ತೀನಿ. ಈ ದೇಶದಲ್ಲಿ ಮೋಸ ಹೋಗಿ ಹೋಗಿ ಕಲಿತದ್ದು.

ಮೆನುವಿನಲ್ಲಿ ವಿ ಅಂತ ಗುರುತಿದ್ದರೆ ವೆಜಿಟೇರಿಯನ್, ಅಂದರೆ ಮಾಂಸ ಮೀನು ಇಲ್ಲ. ಆದರೆ ಇವರ ಲೆಕ್ಕದಲ್ಲಿ ಮೊಟ್ಟೆ ವೆಜಿಟೇರಿಯನ್ನೇ. ವೆಜ್ ಬರ್ಗರ್ ಹಿಡಿದು ನಿಲ್ಲುವುದಕ್ಕೂ ಮೊಟ್ಟೆ ಹಾಕುವವರಿದ್ದಾರೆ. ಮಯೊನೀಸ್‌ನಲ್ಲಿ ಮೊಟ್ಟೆ. ಮಾಂಸದ ಬದಲಿಗೆ ಕ್ವಾರ್ನ್ ಅಂತ ಬರುತ್ತಲ್ಲ, ಅದರಲ್ಲೂ ಬಹಳಷ್ಟಕ್ಕೆ ಮೊಟ್ಟೆ ಬಿಳಿ ಇದೆ. ಸ್ಕೋನ್ ಅನ್ನುವ ಬನ್ನಿನ ಮೇಲೆ ಹೊಳೀತಿರುತ್ತಲ್ಲ ಬಂಗಾರದ ಬಣ್ಣ? ಅದೂ ಸಾಮಾನ್ಯವಾಗಿ ಮೊಟ್ಟೆ ಬಳಿದದ್ದು. ಅಮ್ಮನಿಗೆ ವಿಜಿ ಅಂತ ಗುರುತಿರುವುದನ್ನು, ಅಂದರೆ ವೀಗನ್ ಅಡುಗೆಯನ್ನು ನೋಡಿ. ಅದರಲ್ಲಿ ಮೊಟ್ಟೆ ಇರಲ್ಲ. ಹಾಲು ಮೊಸರೂ ಇರಲ್ಲ ಅನ್ನಿ, ಆದರೆ ಬೆಣ್ಣೆ, ಚೀಸ್ ಬೇರೆ ಕೇಳಿ ಹಾಕಿಸಿಕೊಳ್ಳಬಹುದು. ವೀಗನ್ ತಟ್ಟೆಗೆ ಚೀಸ್ ಕೇಳಿದಾಗ ಅವರು ಒಂದು ಥರ ನೋಡ್ತಾರೆ. ನೋಡಲಿ ಬಿಡಿ.

ಇನ್ನು ಕಣ್ಣಿಗೆ ಕಾಣದ ಮಾಂಸ. ಗ್ರೇವಿ ಅಂತ ಸುರಿಯುವುದು ಮಾಂಸದ ರಸದ್ದು, ವೆಜ್ ಗ್ರೇವಿ ಬೇರೆ ಕೇಳಬೇಕು. ಕೆಲವು ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ಚಿಪ್ಸ್ ಕರಿಯುವುದೇ ದನದ ಕೊಬ್ಬಿನಲ್ಲಿ. ಬೀಫ್ ಡ್ರಿಪ್ಪಿಂಗ್ ಅನ್ನುತ್ತಾರೆ. ಹೆಮ್ಮೆಯಿಂದ ಬೋರ್ಡ್ ಹಾಕಿರುತ್ತಾರೆ, ಹಾಗಾಗಿ ಕೇಳುವುದಕ್ಕೆ ಸಂಕೋಚ ಬೇಡ. ಪಾರ್ಮೆಜಾನ್ ಚೀಸ್‌ಗೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಮತ್ತೆ ವೂಸ್ಟರ್ ಸಾಸ್! ಅದು ಹುಟ್ಟಿದ ಊರು ಲಡ್ಲೋಗೆ ದೂರವೇನಿಲ್ಲ. ಅದರಲ್ಲಿ ಆಂಚೊವಿ ಮೀನು ಇದೆ. ವೆಲ್ಶ್ ರೇರ್‌ಬಿಟ್ ಅಂತ ಬ್ರೆಡ್ ಮೇಲೆ ಚೀಸ್ ಸುರಿದು ಸುಟ್ಟು ಕೊಡುತ್ತಾರೆ, ನೋಡೋಕೆ ಪಕ್ಕಾ ವೆಜ್. ಅದಕ್ಕೆ ಈ ಸಾಸ್ ಬಿದ್ದಿರುತ್ತೆ. ನಾನು ಎರಡು ವರ್ಷ ತಿಂದೆ. ಗೊತ್ತಾದ ದಿನ ಮನೆಯವರಿಗೆ ಹೇಳಲಿಲ್ಲ.

ಸುಮ್ನೆ_ಓದುಗ

ಇಲ್ಲಿ ಮೊದಲ ಸಲ ಬರೀತಿದ್ದೀನಿ. ಎರಡು ಸಣ್ಣ ಡೌಟ್. ಪಬ್ಬಿಗೆ ಹೋಗಿ ಏನೂ ಕುಡಿಯದೆ ಬರೀ ಊಟ ಮಾಡಿದರೆ ಬೇಜಾರು ಮಾಡ್ಕೋತಾರಾ? ಟಿಪ್ಸ್ ಎಷ್ಟು ಕೊಡಬೇಕು?

ಶ್ರಾಪ್‌ಶೈರ್_ಸೊಸೆ

ಯಾರೂ ಏನೂ ಅಂದುಕೊಳ್ಳಲ್ಲ. ನಮ್ಮ ಅತ್ತೆ ಕುಡಿಯುವುದೇ ಇಲ್ಲ, ಪ್ರತಿ ಬುಧವಾರ ಪಬ್ಬಲ್ಲೇ ಊಟ. ನಲ್ಲಿ ನೀರು ಕೇಳಿ. ಮದ್ಯದ ಲೈಸೆನ್ಸ್ ಇರುವ ಜಾಗದಲ್ಲಿ ಗಿರಾಕಿ ಕೇಳಿದರೆ ಕುಡಿಯುವ ನೀರು ಪುಕ್ಕಟೆ ಕೊಡಲೇಬೇಕು ಅಂತ ಕಾನೂನಿದೆ. "ಟ್ಯಾಪ್ ವಾಟರ್" ಅಂತ ಬಿಡಿಸಿ ಹೇಳಿ, ಬರೀ ವಾಟರ್ ಅಂದರೆ ಬಾಟಲಿ ತಂದಿಡುತ್ತಾರೆ. ಐದು ಜನಕ್ಕೆ ಐದು ಜ್ಯೂಸ್ ಅಂದರೆ ಅಲ್ಲೇ 15 ಪೌಂಡ್ ಹೋಯ್ತು.

ಬಹಳ ಪಬ್ಬುಗಳಲ್ಲಿ ಮೇಜಿನ ಹತ್ತಿರ ಯಾರೂ ಬರಲ್ಲ. ಮೇಜಿನ ನಂಬರ್ ನೋಡಿಕೊಂಡು, ನೀವೇ ಕೌಂಟರಿಗೆ ಹೋಗಿ ಹೇಳಿ, ದುಡ್ಡು ಕೊಟ್ಟು ಬರಬೇಕು. ನಾವು ಮೊದಲ ಸಲ ಇಪ್ಪತ್ತು ನಿಮಿಷ ಕೈ ಎತ್ತಿ ಎತ್ತಿ ಕೂತಿದ್ವಿ! ಅಂಥ ಕಡೆ ಟಿಪ್ಸ್ ಕೊಡದಿದ್ದರೂ ನಡೆಯುತ್ತೆ. ಮೇಜಿಗೆ ತಂದು ಬಡಿಸಿದರೆ ಹತ್ತು ಪರ್ಸೆಂಟ್. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದಾರಾ ನೋಡಿ. "ಆಪ್ಷನಲ್" ಅಂತಿದ್ದರೆ ತೆಗೆಸಬಹುದು, ಆದರೆ ಊಟ ಚೆನ್ನಾಗಿದ್ದರೆ ಬಿಡಿ. 2024ರ ಅಕ್ಟೋಬರ್‌ನಿಂದ ಟಿಪ್ಸ್ ಪೂರ್ತಿ ಕೆಲಸದವರಿಗೇ ಕೊಡಬೇಕು ಅಂತ ಕಾನೂನು ಬಂದಿದೆ. ಮೆನುವಿನ ಬೆಲೆಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ನಮ್ಮ ಕಡೆ ಥರ ಕೊನೆಗೆ ಜಿಎಸ್‌ಟಿ ಏರಲ್ಲ ಅಂತ ಅಪ್ಪನಿಗೆ ಹೇಳಿ, ಸ್ವಲ್ಪ ಹಸಿವಾದೀತು.

ಕುಡ್ಲದ_ಕಡಲು

ಯಾರೂ ಇಂಡಿಯನ್ ರೆಸ್ಟೋರೆಂಟ್ ಹೆಸರೇ ಎತ್ತಲಿಲ್ಲವಲ್ಲ ಮಾರಾಯ್ರೆ. ಇಂಗ್ಲೆಂಡಿನ ಯಾವ ಮೂಲೆ ಊರಿಗೆ ಹೋದರೂ ಒಂದಾದರೂ ಇರ್ತದೆ.

ಬಿಸಿ_ಫಿಲ್ಟರ್

ಹಾಸನದಿಂದ ಇಲ್ಲಿತನಕ ಬಂದು ಮತ್ತೆ ದಾಲ್ ತಡ್ಕಾನೇ ತಿನ್ನಬೇಕಾ?

ಕುಡ್ಲದ_ಕಡಲು

ಮೂರನೇ ದಿನ ರಾತ್ರಿ ನೋಡಿ, ಯಾರು ಅನ್ನ ಕೇಳ್ತಾರೆ ಅಂತ. ಅರವತ್ತು ದಾಟಿದವರ ಹೊಟ್ಟೆ ಅದು.

ಒಂದು ಉಪಾಯ ಹೇಳುತ್ತೇನೆ. ಈ ಸಣ್ಣ ಊರುಗಳ ಇಂಡಿಯನ್ ಹೋಟೆಲ್ ನಡೆಸುವವರು ಹೆಚ್ಚಿನವರು ಬಾಂಗ್ಲಾದೇಶದವರು, ಸಿಲ್ಹೆಟ್ ಕಡೆಯವರು. ಮೆನುವಿನ ಮೊದಲ ಪುಟದ ಟಿಕ್ಕಾ ಮಸಾಲ ಬಿಟ್ಟು ಕೊನೆಯ ಪುಟಕ್ಕೆ ಹೋಗಿ. ಸೈಡ್ ಡಿಶ್ ಅಂತ ಇರುತ್ತದೆ. ತಡ್ಕಾ ದಾಲ್, ಸಾಗ್ ಆಲೂ, ಬೆಂಡೆಕಾಯಿ ಭಾಜಿ. ನಾಲ್ಕು ಸೈಡ್ ಡಿಶ್, ಎರಡು ಅನ್ನ ತರಿಸಿದರೆ ಐದು ಜನಕ್ಕೆ ಸಾಕು, 40 ಪೌಂಡ್ ಒಳಗೆ ಮುಗೀತದೆ. ಇನ್ನೊಂದು ವಿಷಯ, ಭಾನುವಾರ ರಾತ್ರಿ ಪಬ್ ಅಡುಗೆ ಇರಲ್ಲ ಅಂದರಲ್ಲ, ಅವತ್ತು ಇವರೇ ದಿಕ್ಕು. ಐದು, ಐದೂವರೆಗೆ ಬಾಗಿಲು ತೆಗೀತಾರೆ. ಖಾರ ಬೇಕಿದ್ದರೆ ಒಳಗೆ ಹೇಳಿ ಕಳಿಸಿ. ನಾವು ಕೇಳಿದಾಗ ಅಡುಗೆಯವರು ತಮಗೆ ಮಾಡಿಕೊಂಡ ಸಾರೇ ತಂದುಕೊಟ್ಟಿದ್ದರು.

ಮಲೆನಾಡ_ಮಳೆ

ನಾನು ಟೆಲ್‌ಫರ್ಡ್ ಕಡೆಯವನು. ಊರೊಳಗೆ ಹುಡುಕುವುದಕ್ಕಿಂತ ಸುತ್ತಮುತ್ತ ಹುಡುಕಿ. ನನಗೆ ಗೊತ್ತಿರುವ ನಾಲ್ಕು ಥರದ ಜಾಗ.

ನ್ಯಾಷನಲ್ ಟ್ರಸ್ಟ್, ಅಂದರೆ ಹಳೆಯ ಬಂಗಲೆ, ಗುಡ್ಡಗಾಡು ನೋಡಿಕೊಳ್ಳುವ ಸಂಸ್ಥೆ, ಅವರ ಟೀ ರೂಮ್. ಲಡ್ಲೋದಿಂದ ಲೆಮ್‌ಸ್ಟರ್ ಕಡೆ ಎ49 ರಸ್ತೆಯಲ್ಲಿ ಹೋದರೆ ಬೆರಿಂಗ್ಟನ್ ಹಾಲ್ ಸಿಗುತ್ತೆ. ಉತ್ತರಕ್ಕೆ ಚರ್ಚ್ ಸ್ಟ್ರೆಟನ್ ಹತ್ತಿರ ಕಾರ್ಡಿಂಗ್ ಮಿಲ್ ಕಣಿವೆ, ಗುಡ್ಡದ ಬುಡದಲ್ಲೇ ಕೂತು ಸೂಪ್ ಕುಡಿಯಬಹುದು. ಅಪ್ಪನಿಗೆ ಮಲೆನಾಡು ನೆನಪಾಗುತ್ತೆ, ಮರ ಮಾತ್ರ ಇಲ್ಲ. ಅವರ ಸದಸ್ಯತ್ವದ ಕಾರ್ಡ್ ಇದ್ದರೆ ಪಾರ್ಕಿಂಗ್ ಉಚಿತ. ರಜಾದಿನವೂ ತೆಗೆದಿರುತ್ತಾರೆ, ಸೋಮವಾರಕ್ಕೆ ಇದೇ ಸರಿ.

ಬ್ರೋಮ್‌ಫೀಲ್ಡ್‌ನಲ್ಲಿ ಲಡ್ಲೋ ಫಾರ್ಮ್ ಶಾಪ್ ಇದೆ. ಸಾಮಾನು ಅಗ್ಗವಲ್ಲ, ಆದರೆ ಅಪ್ಪನಿಗೆ ತರಕಾರಿ ನೋಡುವುದೇ ಒಂದು ಪ್ರವಾಸ.

ಗಾರ್ಡನ್ ಸೆಂಟರ್ ಕೆಫೆ. ಗಿಡ ಮಾರುವ ಅಂಗಡಿ ಒಳಗೆ ಊಟವಾ ಅಂತ ನಗಬೇಡಿ. ಇಲ್ಲಿನ ನಿವೃತ್ತರೆಲ್ಲಾ ಮಧ್ಯಾಹ್ನ ಅಲ್ಲೇ ಇರುತ್ತಾರೆ. ವಯಸ್ಸಾದವರು ಎಲ್ಲಿ ಸಾಲಾಗಿ ಕೂತಿದ್ದಾರೋ ಅಲ್ಲಿ ಬೆಲೆ ಕಮ್ಮಿ, ತಟ್ಟೆ ತುಂಬ, ಟಾಯ್ಲೆಟ್ ಕ್ಲೀನ್. ಇದು ನನ್ನ ಅನುಭವದ ಲೆಕ್ಕ. ಅಲ್ಲಿ ಜಾಕೆಟ್ ಪೊಟೇಟೊ ಇರುತ್ತದೆ, ಸಿಪ್ಪೆ ಸಮೇತ ಸುಟ್ಟ ದೊಡ್ಡ ಆಲೂಗೆಡ್ಡೆ, ಮೇಲೆ ಬೀನ್ಸ್, ಚೀಸ್. ಅಮ್ಮನಿಗೆ ಕಣ್ಣುಮುಚ್ಚಿ ಹೇಳಬಹುದಾದ ಊಟ ಈ ದೇಶದಲ್ಲಿ ಇದೊಂದೇ.

ಕೊನೆಗೆ, ವಾಪಸ್ ಹೋಗುವಾಗ ಸ್ವಲ್ಪ ಸುತ್ತಾದರೂ ಪರವಾಗಿಲ್ಲ ಅಂದರೆ ಬರ್ಮಿಂಗ್‌ಹ್ಯಾಮ್ ಹತ್ತಿರ ಟಿವಿಡೇಲ್‌ನ ಬಾಲಾಜಿ ದೇವಸ್ಥಾನ. ನಾವು ಶನಿವಾರ ಹೋದಾಗ ಅಲ್ಲೇ ಊಟ ಸಿಕ್ಕಿತ್ತು. ನೀವು ಹೊರಡುವುದು ಮಂಗಳವಾರ, ವಿಚಾರಿಸಿಕೊಳ್ಳಿ.

ಲೆಮ್‌ಸ್ಟರ್ ಅಂತ ಬರೆದದ್ದು ತಪ್ಪಲ್ಲ. ಬೋರ್ಡಿನಲ್ಲಿ ಲಿಯೋಮಿನ್‌ಸ್ಟರ್ ಅಂತ ಓದಿಕೊಳ್ಳುವ ಹಾಗಿದೆ, ಕರೆಯುವುದು ಲೆಮ್‌ಸ್ಟರ್. ಒಂದು ವರ್ಷ ಎಲ್ಲರನ್ನೂ ನಗಿಸಿದ್ದೇನೆ.

ಸುಮ್ನೆ_ಓದುಗ

ಇಂಥ ಜಾಗ ಕ್ಲೀನಾ ಅಂತ ಹೇಗೆ ಗೊತ್ತಾಗುತ್ತೆ ಸರ್?

ಮಲೆನಾಡ_ಮಳೆ

ಬಾಗಿಲಿಗೆ ಹಸಿರು ಕಪ್ಪು ಬಣ್ಣದ ಸ್ಟಿಕ್ಕರ್, 0ಯಿಂದ 5ರವರೆಗೆ ಅಂಕ. 5 ಅಂದರೆ ಒಳ್ಳೆಯದು. ಅದು ಸ್ವಚ್ಛತೆಗೆ, ರುಚಿಗಲ್ಲ. ವೇಲ್ಸ್‌ನಲ್ಲಿ ಅಂಟಿಸಲೇಬೇಕು, ಇಂಗ್ಲೆಂಡಿನಲ್ಲಿ ಅವರಿಷ್ಟ. ಸ್ಟಿಕ್ಕರ್ ಕಾಣದಿದ್ದರೆ ಸರ್ಕಾರದ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. 5 ಬಂದವರು ಯಾರೂ ಅದನ್ನು ಬಚ್ಚಿಡಲ್ಲ ಅನ್ನುವುದು ನೆನಪಿರಲಿ.

ಶ್ರಾಪ್‌ಶೈರ್_ಸೊಸೆ

ಶನಿವಾರ ಬೆಳಿಗ್ಗೆ ಲಡ್ಲೋ ಸಂತೆ ತಪ್ಪಿಸಬೇಡಿ. ಕೋಟೆ ಮುಂದಿನ ಚೌಕದಲ್ಲೇ. ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಇರುತ್ತದೆ. ಚೀಸ್ ಅಂಗಡಿಯಲ್ಲಿ "ವೆಜಿಟೇರಿಯನ್ ರೆನೆಟ್ಟಾ?" ಅಂತ ಕೇಳಿ, ತುಂಡು ಕತ್ತರಿಸಿ ತಿನ್ನಲು ಕೊಡುತ್ತಾರೆ. ಶ್ರಾಪ್‌ಶೈರ್ ಬ್ಲೂ ಅಂತ ಕಿತ್ತಳೆ ಬಣ್ಣದ ಚೀಸ್ ಕಂಡರೆ ನಮ್ಮೂರದು ಅಂದುಕೊಳ್ಳಬೇಡಿ, ಅದನ್ನು ಮೊದಲು ಮಾಡಿದ್ದು ಸ್ಕಾಟ್ಲೆಂಡ್‌ನಲ್ಲಿ! ಮತ್ತೆ ಫಿಜೆಟ್ ಪೈ ಅಂತ ಇಲ್ಲಿಯ ವಿಶೇಷ, ಸೇಬು ಹಾಕಿರುತ್ತಾರೆ. ಸೇಬು ಅಂತ ಅಮ್ಮನಿಗೆ ಕೊಟ್ಟುಬಿಟ್ಟೀರಿ, ಒಳಗೆ ಹಂದಿಮಾಂಸ ಇದೆ.

ಸಂಜೆ ಲಡ್‌ಫರ್ಡ್ ಸೇತುವೆ ಹತ್ತಿರ ಚಾರ್ಲ್‌ಟನ್ ಆರ್ಮ್ಸ್ ಇದೆ, ಟೀಮ್ ನದಿ ಮೇಲೆಯೇ ಕೂರಬಹುದು. ಊಟ ನಿಮ್ಮ ಬಜೆಟ್ಟಿಗೆ ಸ್ವಲ್ಪ ಜಾಸ್ತಿ. ಬರೀ ಕಾಫಿ ಕುಡಿದು ನದಿ ನೋಡಿ ಬನ್ನಿ.

ಹೇಮಾವತಿ_ದಡ

ಹೋಗಿ ಬಂದ್ವಿ! ಮೂರು ವಾರ ತಡವಾಗಿ ಬರೀತಿದ್ದೀನಿ, ಕ್ಷಮಿಸಿ. ಅಪ್ಪ ಅಮ್ಮ ಮೊನ್ನೆ ವಾಪಸ್ ಹೋದರು.

ಶುಕ್ರವಾರ ರಸ್ತೆಯಲ್ಲೇ ಏಳೂವರೆ ಆಯ್ತು. ಒಂದು ಚಿಪ್ಸ್ ಅಂಗಡಿಗೆ ನುಗ್ಗಿ ಮೊದಲು ಎಣ್ಣೆ ಯಾವುದು ಅಂತ ಕೇಳಿದೆ. ಕೌಂಟರಿನ ಹೆಂಗಸು ಒಳಗೆ ಹೋಗಿ ಡಬ್ಬವನ್ನೇ ಹೊತ್ತು ತಂದು ತೋರಿಸಿದರು. ಸೂರ್ಯಕಾಂತಿ. ಅಮ್ಮ ಕೈಚೀಲದಿಂದ ಉಪ್ಪಿನಕಾಯಿ ಬಾಟಲಿ ತೆಗೆದರು.

ಭಾನುವಾರ ಹಳ್ಳಿ ಪಬ್ಬಿನಲ್ಲಿ 12 ಗಂಟೆಗೇ ಮೇಜು ಹೇಳಿಟ್ಟಿದ್ದೆ. ಅಮ್ಮನಿಗೆ ವೀಗನ್ ನಟ್ ರೋಸ್ಟ್, ಬೇರೆ ಗ್ರೇವಿ. ಗೋಡಂಬಿ ಗಟ್ಟಿಯಾಗಿ ಹುರಿದ ವಡೆ ಥರ ಇದೆ ಅಂದರು, ಅರ್ಧ ತಿಂದರು. ಪಕ್ಕದಲ್ಲಿದ್ದ ಹುರಿದ ಕ್ಯಾರೆಟ್ ಪೂರ್ತಿ ಖಾಲಿ. ಬಿಲ್ 78, ನಮ್ಮ ಲೆಕ್ಕ ಮೀರಿತು. ಕುಡ್ಲದವರೇ, ನೀವು ಹೇಳಿದ್ದು ಸುಳ್ಳಾಗಲಿಲ್ಲ. ಅದೇ ರಾತ್ರಿ ಎಂಟಕ್ಕೆ ಅಪ್ಪ "ಎಲ್ಲಾದ್ರೂ ಒಂದು ತುತ್ತು ಅನ್ನ..." ಅಂದರು. ಸೈಡ್ ಡಿಶ್ ಲೆಕ್ಕ 37 ಪೌಂಡಿಗೆ ಮುಗೀತು.

ಆದರೆ ದೊಡ್ಡ ಕಥೆ ಮಂಗಳವಾರದ್ದು. ದಾರಿಯಲ್ಲಿ ಒಂದು ಗಾರ್ಡನ್ ಸೆಂಟರ್. ಅಪ್ಪ ಬಲಗಡೆಯಿಂದ ಓದಿದರು. ಜಾಕೆಟ್ ಪೊಟೇಟೊ 8 ಪೌಂಡ್ 95. "ಒಂದು ಆಲೂಗೆಡ್ಡೆಗೆ ಸಾವಿರ ರೂಪಾಯಿಯಾ?" ಅಂತ ನಿಂತುಬಿಟ್ಟರು. ಅಪ್ಪ ಮೂವತ್ತು ವರ್ಷ ಆಲೂಗೆಡ್ಡೆ ಬೆಳೆದವರು. ಜಲಂಧರ್‌ನಿಂದ ಬಂದ ಬಿತ್ತನೆ ಗೆಡ್ಡೆಗೆ ಎಪಿಎಂಸಿ ಮುಂದೆ ಕ್ಯೂ ನಿಂತವರು. ಅಂಗಮಾರಿ ರೋಗ ಬಂದು ಎರಡು ಸಲ ಹೊಲವೇ ಕೈಬಿಟ್ಟು ಹೋದಮೇಲೆ ಜೋಳ ಹಾಕಿದರು. ಅವರ ಮುಂದೆ ಆ ಬೆಲೆ!

ಆದರೂ ತರಿಸಿದೆ. ತಟ್ಟೆ ಬಂತು. ಗೆಡ್ಡೆ ನನ್ನ ಎರಡು ಮುಷ್ಟಿಯಷ್ಟು. ಸಿಪ್ಪೆ ಗರಿಗರಿ, ಮೇಲೆ ಅಡ್ಡ ಉದ್ದ ಸೀಳಿದ್ದರು, ಸೀಳಿನಲ್ಲಿ ಬೆಣ್ಣೆ ಕರಗಿ ಇಳಿಯುತ್ತಿತ್ತು. ಅಪ್ಪ ಬೀನ್ಸ್ ಎಲ್ಲಾ ಪಕ್ಕಕ್ಕೆ ಸರಿಸಿದರು. ಒಳಗಿನ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದರು, ಸಿಪ್ಪೆ ಮುರಿದು ಮೂಸಿದರು. ಆಮೇಲೆ ಯಾವ ತಳಿ ಕೇಳು ಅಂತ ನನ್ನನ್ನು ಎಬ್ಬಿಸಿ ಕಳಿಸಿದರು. ಅಡುಗೆಯಾಕೆ ಹೊರಗೆ ಬಂದು ಮ್ಯಾರಿಸ್ ಪೈಪರ್ ಅಂದರು. ಅಪ್ಪ ಅದನ್ನು ಪೇಪರ್ ನ್ಯಾಪ್ಕಿನ್ ಮೇಲೆ ಕನ್ನಡದಲ್ಲಿ ಬರೆದುಕೊಂಡರು. ಸಿಪ್ಪೆ ಸಮೇತ ಪೂರ್ತಿ ತಿಂದರು. ಐದು ಜನಕ್ಕೆ ಟೀ ಸೇರಿ 52 ಪೌಂಡ್.

ಕಾರಿನಲ್ಲಿ ಚಿಕ್ಕಪ್ಪನಿಗೆ ಫೋನ್ ಮಾಡಿ ಕೋಟೆ, ನದಿ ಯಾವುದನ್ನೂ ಹೇಳಲಿಲ್ಲ. ಅರ್ಧ ಗಂಟೆ ಗೆಡ್ಡೆಯದೇ ಮಾತು.

ಧಾರವಾಡ_ಪೇಡೆ

ಓದಿ ಹೊಟ್ಟಿ ತುಂಬಿತು. ಅಮ್ಮಗ ಸೇರಿತೇನು?

ಹೇಮಾವತಿ_ದಡ

ಸೇರಿತು, ಉಪ್ಪಿನಕಾಯಿ ಜೊತೆ. ಈಗ ಊರಿಂದ ಫೋನ್ ಮಾಡಿ ಕೇಳ್ತಿದ್ದಾರೆ. ಅಪ್ಪನಿಗೆ ಮಾಡಿಕೊಡಬೇಕಂತೆ, ಮನೆಯಲ್ಲಿ ಓವನ್ ಇಲ್ಲ. ಏನು ಮಾಡೋದು?

ಮಲೆನಾಡ_ಮಳೆ

ಬಚ್ಚಲೊಲೆ ಇದೆಯಾ? ಬೆಂಕಿ ಆರಿದ ಮೇಲೆ ಗೆಣಸು ಹೂಳುವ ಹಾಗೆ ಬಿಸಿ ಬೂದಿಯಲ್ಲಿ ಹೂಳಿ, ಒಂದು ಗಂಟೆ ಬಿಡಿ. ಮೊದಲು ಫೋರ್ಕಿನಲ್ಲಿ ನಾಲ್ಕು ಕಡೆ ಚುಚ್ಚಲು ಹೇಳಿ, ಇಲ್ಲದಿದ್ದರೆ ಸಿಡಿಯಬಹುದು.